ಮದುಮಗನ ಹಿಂದೆ ಎಂತ ಉಂಟು?

ನಮ್ಮ ದೊಡ್ಡಪ್ಪನ ಕೈಗೆ ಮದುವೆ ಆಲ್ಬಮ್ ಕೊಡುವಷ್ಟು ದೊಡ್ಡ ತಪ್ಪು ಇನ್ನೊಂದಿಲ್ಲ! ಅವರು ಮದುಮಕ್ಕಳನ್ನು ನೋಡುವುದೇ ಇಲ್ಲ. ಇಬ್ಬರ ಮುಖಕ್ಕೂ ಹೆಬ್ಬೆರಳು ಅಡ್ಡ ಇಟ್ಟು ಹಿಂದಿನ ರಸ್ತೆ ನೋಡುತ್ತಾರೆ. ಪುತ್ತೂರು ಪೇಟೆಯ ಹೊರಬದಿಯಲ್ಲಿ ತಾವು ಹುಟ್ಟಿದ ಬಡಾವಣೆಯ ಚರಿತ್ರೆಯನ್ನು ಅವರು ಕಲಿತದ್ದೇ ಹೀಗೆ. ಈಗ ಮೊಬೈಲ್ ಅಂಗಡಿ ಇರುವಲ್ಲಿ ಮೊದಲು ಸೈಕಲ್ ರಿಪೇರಿ, ಅದಕ್ಕೂ ಮೊದಲು ಹುಣಸೆಮರ. ಎಲ್ಲದಕ್ಕೂ ಯಾರದ್ದಾದರೂ ಮದುವೆಯ ಸಾಕ್ಷಿ!

ಕುಂಬ್ರದ ಅಜ್ಜಿಯೊಬ್ಬರು ಪ್ರೀತಿಯಿಂದ ತಮ್ಮ ಮದುವೆ ಫೋಟೋ ತೋರಿಸಿದರು. ದೊಡ್ಡಪ್ಪ ನಿಟ್ಟುಸಿರು ಬಿಟ್ಟರು. "ನೀವಿಬ್ರು ಸ್ವಲ್ಪ ಬದಿಗೆ ನಿಂತಿದ್ರೆ ಎಂತ ಆಗ್ತಿತ್ತು ಮಾರಾಯ್ರೆ? ಹಿಂದೆ ಇಡೀ ಹೋಟೆಲು ಮುಚ್ಚಿಹೋಯ್ತಲ್ಲ!" ಆ ದಿನ ಅಜ್ಜಿ ಕಾಫಿಗೆ ಸಕ್ಕರೆ ಹಾಕಲಿಲ್ಲ.

ನನಗೆ ಹುಡುಗಿ ನೋಡಲು ಅದೇ ಬಡಾವಣೆಗೆ ಹೋದಾಗಲೂ ಇದೇ ಕಥೆ. ಹುಡುಗಿ ಅವಲಕ್ಕಿ ತಂದಿಟ್ಟರೂ ಇವರು ಆಲ್ಬಮ್ಮಿನಿಂದ ತಲೆ ಎತ್ತಲಿಲ್ಲ. ಹೊರಗೆ ಬಂದ ಮೇಲೆ ಅಮ್ಮ ತನ್ನ ಅಕ್ಕನ ಗಂಡನಾದ ದೊಡ್ಡಪ್ಪನನ್ನು, "ಹುಡುಗಿ ಹೇಗೆ ಭಾವ?" ಎಂದು ಕೇಳಿದಳು.

"ಬೆಸ್ಟ್! ಹಿಂದೆ ಹಳೇ ಅಕ್ಕಿಮಿಲ್ಲು ಪೂರ್ತಿ ಕಾಣ್ತದೆ."

ಆ ಅಕ್ಕಿಮಿಲ್ಲಿನ ಬಲದಿಂದ ನನ್ನ ಮದುವೆಯಾಯಿತು.

ಹುಚ್ಚು ಅನ್ನುತ್ತೀರಾ? ನಾವೂ ಅನ್ನುತ್ತಿದ್ದೆವು. ಒಮ್ಮೆ ಕೇಳಿಯೇಬಿಟ್ಟೆ, "ಎಂತ ಹುಡುಕುದು ದೊಡ್ಡಪ್ಪ?"

"ಅಮ್ಮನನ್ನು," ಅಂದರು.

ಆ ಬಡಾವಣೆಯ ತಿರುವಿನಲ್ಲಿ ಅವರ ಅಮ್ಮ ಬೊಂಡ ಮಾರುತ್ತಿದ್ದರಂತೆ. ಆ ಬೊಂಡದ ಎಳನೀರು ಕುಡಿಯಲು ದಿಬ್ಬಣದ ಜೀಪುಗಳೆಲ್ಲ ಅಲ್ಲಿ ನಿಲ್ಲುತ್ತಿದ್ದವು, ಮದುಮಕ್ಕಳು ಇಳಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ದೊಡ್ಡಪ್ಪನ ಹತ್ತನೇ ವರ್ಷದಲ್ಲಿ ಅಮ್ಮ ತೀರಿಕೊಂಡರು. ಅವರದೊಂದು ಫೋಟೋ ಕೂಡ ಇಲ್ಲ. "ಮುಖ ಮರೆತು ಹೋಗ್ತಾ ಉಂಟು ಮಾರಾಯ. ಯಾರದ್ದಾದ್ರೂ ಮದುವೆಯಲ್ಲಿ ಸಿಕ್ಕಿಯಾರು." ಅಂದಿನಿಂದ ನಾನು ನಗುವುದನ್ನು ಬಿಟ್ಟೆ, ಹುಡುಕಲು ಶುರುಮಾಡಿದೆ.

ಕಳೆದ ತಿಂಗಳು ನನ್ನ ಹೆಂಡತಿಯ ತವರಿನಲ್ಲಿ ಗೆದ್ದಲು ಹಿಡಿದ ಫ್ರೇಮೊಂದನ್ನು ಬಿಚ್ಚಿದಾಗ ರಟ್ಟಿನ ಹಿಂದೆ ಇನ್ನೊಂದು ಫೋಟೋ ಸಿಕ್ಕಿತು. ಅವಳ ಅಪ್ಪನ, ಅಂದರೆ ನನ್ನ ಮಾವನ ದಿಬ್ಬಣದ್ದು! ಸುದ್ದಿ ಕೇಳಿ ದೊಡ್ಡಪ್ಪ ಚಪ್ಪಲಿ ಮರೆತು ಓಡಿ ಬಂದರು. ತಿರುವು, ಜೀಪು, ಬೊಂಡದ ರಾಶಿ ಎಲ್ಲವೂ ಇತ್ತು. ಮದುಮಗನ ಭುಜದ ಹಿಂದಿನಿಂದ ಬಳೆ ತೊಟ್ಟ ಕೈಯೊಂದು ಬೊಂಡ ನೀಡುತ್ತಿತ್ತು. ಆ ಕೈಯವರ ಮುಖ ಮದುಮಗನ ಪೇಟದ ಮರೆಯಲ್ಲಿತ್ತು.

ಈ ಸಲ ದೊಡ್ಡಪ್ಪ ಹೆಬ್ಬೆರಳು ಅಡ್ಡ ಇಡಲಿಲ್ಲ. ಆ ಕೈಯನ್ನು ಮುಟ್ಟಿದರು. "ಅಮ್ಮನದ್ದೇ. ಕಿರುಬೆರಳು ನೋಡು, ಕತ್ತಿ ತಾಗಿ ಡೊಂಕಾದದ್ದು." ಆಮೇಲೆ ಅಭ್ಯಾಸಬಲದಿಂದ ಬಾಯಿಗೆ ಬಂತು, "ಮದುಮಗ ಸ್ವಲ್ಪ ಬದಿಗೆ..."



ಎದುರು ಕುಳಿತಿದ್ದ, ಎಪ್ಪತ್ತೈದು ದಾಟಿದ ನನ್ನ ಮಾವ ಕುರ್ಚಿಯಲ್ಲೇ ಮೆಲ್ಲಗೆ ಬದಿಗೆ ಸರಿದರು.