ಮಾತು ಮುಗಿಯುವ ತನಕ ಕಾಯದ ಸಿನಿಮಾ ಯಂತ್ರಕ್ಕೆ

ಆಲೆಟ್ಟಿ, ಮಾರ್ಚ್ 1963

ಸುಳ್ಯದ ಕೊಯ್ಲು ಮುಗಿದ ಗದ್ದೆಯಲ್ಲಿ ಡೇರೆಯೊಳಗೆ ಬಿಜಯಂಗೈದು, ಈಗ ಕಡಬದ ಜನರನ್ನು ಉದ್ಧರಿಸಲು ಲಾರಿಯೇರಿ ತೆರಳಿರುವ ಸಿನಿಮಾ ಯಂತ್ರ ಮಹಾಶಯರ ಸನ್ನಿಧಿಗೆ, ಆಲೆಟ್ಟಿಯ ಪರಮೇಶ್ವರ ಭಟ್ಟನು ಊರವರ ಸಮಕ್ಷಮ ಮಾಡುವ ನಮಸ್ಕಾರಗಳು.

ಮಾನ್ಯರೇ,

ಇಲ್ಲಿ ಎಲ್ಲರೂ ಕ್ಷೇಮ. ತಮ್ಮ ಚಕ್ರಗಳು, ಮಸೂರ, ಒಳಗಿನ ದೀಪ ಮತ್ತು ತಮಗೆ ಹೊರಗಿನಿಂದ ಉಸಿರು ಕೊಡುವ ಆ ಡೀಸೆಲ್ ಇಂಜಿನು ಕ್ಷೇಮವೆಂದು ನಂಬಿದ್ದೇನೆ. ಘಾಟಿಯ ಬುಡದ ರಸ್ತೆಯಲ್ಲಿ ಕುಲುಕಾಟ ಹೆಚ್ಚು, ತಮ್ಮಂಥ ಸೂಕ್ಷ್ಮ ಶರೀರಿಗಳು ಜಾಗ್ರತೆಯಾಗಿರಬೇಕು.

ಈ ಪತ್ರವನ್ನು ಬಹಿರಂಗವಾಗಿ ಬರೆಯುವುದಕ್ಕೆ ಕಾರಣ, ತಮ್ಮಿಂದ ನನಗಾದ ಅವಮಾನವೂ ಬಹಿರಂಗವಾಗಿಯೇ ಆದದ್ದು. ನನ್ನ ಪರಿಚಯ ತಮಗಿಲ್ಲದಿರಬಹುದು. ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತಲ್ಲಿಯೇ ಪುರಾಣದ ಪಾತ್ರಗಳಾಗಿ ವಾದ ಮಾಡುವ ತಾಳಮದ್ದಳೆಯಲ್ಲಿ ನಾನು ಅರ್ಥ ಹೇಳುವವನು. ಅದರಲ್ಲಿಯೂ ಸೋಲುವವರ, ಸಾಯುವವರ ಪಾತ್ರ ಬಂದರೆ ಐವರ್ನಾಡಿನಿಂದ ಗುಂಡ್ಯದವರೆಗೆ ಜನ ನನ್ನನ್ನೇ ಕರೆಯುತ್ತಾರೆ. ಕಥೆಯಲ್ಲಿ ಸಾಯಬೇಕಾದವನು ಮಾತಿನಲ್ಲಿ ಗೆದ್ದು ಸಾಯುವುದು ನಮ್ಮಲ್ಲಿ ಉಂಟು. ಅವನ ಮಾತು ಮುಗಿಯುವ ತನಕ ಹಾಡುವ ಭಾಗವತರು ಮುಂದಿನ ಪದ ಎತ್ತುವುದಿಲ್ಲ, ತಾಳ ಕೈಯಲ್ಲಿ ಹಿಡಿದು ಕಾಯುತ್ತಾರೆ, ಬೇಕಾದರೆ ಎರಡು ವೀಳ್ಯ ಹಾಕಿಕೊಳ್ಳುತ್ತಾರೆ. ಈ ಸಣ್ಣ ಸೌಜನ್ಯ ತಮಗೆ ಗೊತ್ತಿಲ್ಲವೆಂಬುದೇ ನನ್ನ ದೂರಿನ ಮೂಲ.

ತಮ್ಮ ಯಜಮಾನರಾದ ಹಸನಬ್ಬನವರು ಸಜ್ಜನರು, ಅವರ ಮೇಲೆ ನನ್ನ ದೂರಿಲ್ಲ. ಅವರು ನಮ್ಮ ಜಗಲಿಗೆ ಬಂದು, "ಭಟ್ರೇ, ಒಂದು ಚಿತ್ರ ಬಂದುಂಟು. ಅದರಲ್ಲಿ ಮನುಷ್ಯರೇ ಇಲ್ಲ, ಎಲ್ಲ ಕೈಯಲ್ಲಿ ಬರೆದದ್ದು, ಬರೆದದ್ದೇ ಎದ್ದು ಓಡುದು. ಭಾಷೆ ಯಾವುದೂಂತ ನನಗೂ ಗೊತ್ತಿಲ್ಲ. ನೀವು ಪರದೆ ಹತ್ತಿರ ನಿಂತು ನಾಲ್ಕು ಮಾತು ಅರ್ಥ ಹೇಳಿದ್ರೆ ಜನಕ್ಕೆ ತಿಳಿದೀತು" ಎಂದರು. ಮೊದಲೊಮ್ಮೆ ಚಿತ್ರ ನೋಡಿಬಿಡಿ ಎಂದೂ ಹೇಳಿದರು. ಪ್ರಸಂಗದ ಸಾರ ಗೊತ್ತಾದರೆ ಸಾಕು, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ ಎಂದೆ. ಸಾರ ಇಷ್ಟು: ಹುಡುಗಿಯೊಬ್ಬಳು ಒಂದು ಕೊಕ್ಕರೆಯೊಡನೆ ತಾಮ್ರದ ಹಂಡೆಯಲ್ಲಿ ಕುಳಿತು ಸಮುದ್ರ ದಾಟಿ, ರೆಕ್ಕೆಯುಳ್ಳ ಹೆಬ್ಬಾವು ಗುಹೆಯಲ್ಲಿ ಅಡಗಿಸಿಟ್ಟ ಚಂದ್ರನನ್ನು ಬಿಡಿಸಿ ತರುತ್ತಾಳೆ, ಹೆಬ್ಬಾವು ಸಮುದ್ರಕ್ಕೆ ಬಿದ್ದು ಸಾಯುತ್ತದೆ. ಸಾಯುವವನು ಇದ್ದಾನೆಂದು ಕೇಳಿದ ಕೂಡಲೇ ನಾನು ಒಪ್ಪಿಕೊಂಡೆ.

ಮೊದಲ ದಿನ ಸಂಜೆಯ ಆಟಕ್ಕೆ ನಮ್ಮ ಮನೆಯವರೆಲ್ಲ ಬಂದು ಎದುರಿನ ಚಾಪೆಯಲ್ಲಿ ಕುಳಿತಿದ್ದರು. ಇದು ಸಣ್ಣ ಸಂಗತಿಯೆಂದು ತಾವು ತಿಳಿಯಬಾರದು. ನನ್ನ ಪತ್ನಿ ಸತ್ಯವತಿ ನನ್ನ ಅರ್ಥ ಕೇಳಲು ಬರುವುದನ್ನು ಬಿಟ್ಟು ಬಹಳ ಕಾಲವಾಗಿತ್ತು, ಮನೆಯಲ್ಲಿ ಕೇಳುವುದೇ ಧಾರಾಳವಾಗುತ್ತದೆಂದು ಅವಳ ಅಭಿಪ್ರಾಯ. ಪುತ್ತೂರಿನಲ್ಲಿ ವಕೀಲರೊಬ್ಬರ ಗುಮಾಸ್ತನಾಗಿರುವ ನನ್ನ ತಮ್ಮ ರಾಮಪ್ರಸಾದನಿಗೆ ಪುರಾಣವೆಂದರೆ ತಲೆನೋವು. ಮಕ್ಕಳು ಮೊದಲ ಪದ್ಯಕ್ಕೇ ನಿದ್ದೆ ಹೋಗುತ್ತಾರೆ. ಅಮ್ಮನಿಗೆ ಕಿವಿ ಪೂರ್ತಿ ಹೋಗಿದೆ, ಅವಳು ಮದುವೆ ಮುಂಜಿಗೂ ಹೋಗುವುದಿಲ್ಲ. ಆ ದಿನ ಯಾರೂ ಇಲ್ಲದ ಮನೆಯಲ್ಲಿ ಒಬ್ಬಳನ್ನೇ ಬಿಡುವುದು ಬೇಡವೆಂದು ಕರೆತಂದದ್ದು. ಈ ಎಲ್ಲರೆದುರು ಒಮ್ಮೆ ಗೆಲ್ಲಬೇಕೆಂಬ ಆಸೆ ನನಗಿತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಹುಡುಗಿ ಗುಹೆಯ ಬಾಗಿಲಿಗೆ ಬರುವವರೆಗೆ ನಾನು ಓರೆಗಣ್ಣಿನಲ್ಲಿ ಪರದೆ ನೋಡುತ್ತ ತಮ್ಮ ವೇಗಕ್ಕೆ ತಗ್ಗಿ ಬಗ್ಗಿ ನಡೆದೆ. ಹೆಬ್ಬಾವಿನ ಪಾತ್ರ ಬಂತು ನೋಡಿ, ಮತ್ತೆ ನನ್ನನ್ನು ಹಿಡಿಯುವವರಿರಲಿಲ್ಲ. "ಎಲೈ ಬಾಲೆ, ಚಂದ್ರ ನಿಮ್ಮೂರಿನವನೆನ್ನುವೆಯಲ್ಲ, ಹುಣ್ಣಿಮೆಯಂದು ನಿಮ್ಮೂರಿನವರು ಏನು ಮಾಡುತ್ತಾರೆ? ಬಾಗಿಲು ಹಾಕಿ ಕಂಬಳಿ ಹೊದ್ದು ಮಲಗುತ್ತಾರೆ. ಎಚ್ಚರವಿದ್ದು ಅವನನ್ನು ನೋಡಿದವನು ನಾನೊಬ್ಬನೇ. ನೋಡದವರ ಸೊತ್ತು ಅವನು ಹೇಗಾದಾನು?" ಎಂದು ಆರಂಭಿಸಿ, ಹಗಲಿನ ಧರ್ಮ, ರಾತ್ರಿಯ ಧರ್ಮ, ಒಂಟಿಯಾಗಿ ಬದುಕುವವರ ದುಃಖ ಎಲ್ಲವನ್ನೂ ವಿಸ್ತರಿಸುತ್ತ ಹೋದಾಗ ಡೇರೆಯಲ್ಲಿ ಕೆಮ್ಮುವವರಿರಲಿಲ್ಲ. ಹೆಂಗಸರ ಕಡೆಯಿಂದ ಮೂಗು ಒರೆಸುವ ಸದ್ದು ಬಂತು. ಆ ಹುಡುಗಿಯ ಪರವಾಗಿ ಮಾತಾಡುವವರು ಯಾರೂ ಇಲ್ಲದ ಕಾರಣ ವಾದ ನನ್ನದೇ ಆಯಿತು.

ಆದರೆ ತಾವು, ಮಹನೀಯರೇ, ಅಷ್ಟು ಹೊತ್ತೂ ಓಡುತ್ತಲೇ ಇದ್ದಿರಿ. ನಾನು ಇನ್ನೂ ಉಪಸಂಹಾರಕ್ಕೆ ಬಂದಿರಲಿಲ್ಲ, ಅಷ್ಟರಲ್ಲಿ ಚಂದ್ರ ಆಕಾಶಕ್ಕೆ ಮರಳಿಯಾಗಿತ್ತು, ಹೆಬ್ಬಾವು ನೀರಿಗೆ ಬಿದ್ದಾಗಿತ್ತು, ಕೊಕ್ಕರೆ ಹಂಡೆಯ ಮೇಲೆ ನಿಂತು ಕುಣಿಯುತ್ತಿತ್ತಂತೆ. ತಾಳಮದ್ದಳೆಯಲ್ಲಿ ಸದಾ ನನ್ನ ಎದುರಾಳಿಯಾಗಿ ಕೂರುವ ಐವರ್ನಾಡಿನ ಕುಶಾಲಪ್ಪ ಗೌಡರೇ ಎದ್ದು ನಿಂತು, "ಇದೆಂತ ನ್ಯಾಯ ಮಾರಾಯ್ರೆ? ಮಾತಲ್ಲಿ ಗೆದ್ದವನನ್ನು ಒಂದು ಮಾತೂ ಆಡದವಳು ಕೊಲ್ಲುದಾ? ಚಿತ್ರ ಹಿಂದೆ ತಿರುಗಿಸಿ" ಎಂದರು. ಅವರ ಹಿಂದೆ ಅರ್ಧ ಡೇರೆ ಎದ್ದು ನಿಂತಿತು. ತಮ್ಮ ಸೇವಕ ಅಚ್ಚುತ ಕೈಮುಗಿದು, "ಇದು ಹಿಂದೆ ಓಡುದಿಲ್ಲ, ದಮ್ಮಯ್ಯ" ಎಂದು ಎಷ್ಟು ಹೇಳಿದರೂ ಜನ ನಂಬಲಿಲ್ಲ, ಅವನನ್ನು ಹುಡುಗಿಯ ಕಡೆಯವನೆಂದೇ ತಿಳಿದರು. ತಮ್ಮ ದೀಪ ಆರಿಸಿ, ತಮಗೆ ಗೋಣಿ ಹೊದಿಸಿ, ಹಸನಬ್ಬನವರು ಕಾವಲು ನಿಲ್ಲಬೇಕಾಯಿತು.

ಮರುದಿನ ಹಸನಬ್ಬನವರು ಬಾಳೆಗೊನೆಯೊಂದನ್ನು ಹೊರಿಸಿಕೊಂಡು ಬಂದು, "ಭಟ್ರೇ, ಮರ್ಯಾದೆ ಕಮ್ಮಿ ಮಾಡಿದ್ದಂತ ಎಣಿಸಬೇಡಿ. ಇವತ್ತಿಂದ ಅರ್ಥ ಬೇಡ" ಎಂದರು. ನಾನು ಆ ಕ್ಷಣವೇ ತಮ್ಮ ಡೇರೆಯನ್ನು ಬಹಿಷ್ಕರಿಸಿದೆ. ಅರ್ಥವಿಲ್ಲದ ಚಿತ್ರವನ್ನು ಯಾರು ನೋಡುತ್ತಾರೆ, ಎರಡು ದಿನದಲ್ಲಿ ನನ್ನನ್ನು ಕರೆಯಲು ಬಂದೇ ಬರುತ್ತಾರೆಂದು ಜಗಲಿಯಲ್ಲಿ ಕುಳಿತೆ.

ಯಾರೂ ಬರಲಿಲ್ಲ. ಬದಲಿಗೆ ನಮ್ಮ ಮನೆಯವರೇ ದಿನಾ ಸಂಜೆ ಬೇಗ ಕೆಲಸ ಮುಗಿಸಿ ಹೊರಟರು, ಡೇರೆ ಕೀಳುವವರೆಗೂ ಹೋದರು. ಒಂದೇ ಚಿತ್ರ ಒಂದು ಮನೆಯ ಎಲ್ಲರಿಗೂ ಹೇಗೆ ಹಿಡಿಸೀತೆಂದು ನಾನು ತನಿಖೆ ಮಾಡಿದ್ದೇನೆ. ಸತ್ಯವತಿಗೆ ಆ ಹುಡುಗಿ ಹೊರಡುವ ಮೊದಲು ಬುತ್ತಿ ಕಟ್ಟಿದ್ದು ಇಷ್ಟವಾಯಿತಂತೆ, "ಪುರಾಣದಲ್ಲಿ ವನವಾಸಕ್ಕೆ ಹೋಗುವವರು ಒಬ್ಬರಾದರೂ ಒಂದು ಪಾತ್ರೆ ತಕೊಂಡು ಹೋಗಿದ್ದಾರಾ?" ಎಂದು ನನ್ನನ್ನು ಕೇಳಿದಳು. ದೇವರು ದಿಂಡರು ಯಾವುದನ್ನೂ ನಂಬದ ರಾಮಪ್ರಸಾದ ಹಂಡೆ ತೇಲಿದ್ದನ್ನು ನಂಬಿದ, ತಾಮ್ರ ಹೇಗೆ ತೇಲುತ್ತದೆಂದು ಬಚ್ಚಲ ಹಂಡೆಯನ್ನೇ ಕಿತ್ತು ತೋಟದ ಕೆರೆಗೆ ಇಳಿಸಿದ, ಅದು ಇನ್ನೂ ಮೇಲೆ ಬಂದಿಲ್ಲ. ಮಕ್ಕಳು ಕೊಕ್ಕರೆಯಾಗಿ ಒಂಟಿಕಾಲಿನಲ್ಲಿಯೇ ಊಟಕ್ಕೆ ಬರುತ್ತಾರೆ. ದೊಡ್ಡವರೂ ಮಕ್ಕಳೂ ಕಥೆಯ ಒಂದೇ ಜಾಗ ನೆನೆದು ನಗುವುದನ್ನು ನಮ್ಮ ಮನೆಯಲ್ಲಿ ನಾನು ಮೊದಲ ಬಾರಿ ಕಂಡೆ. ಯಾರಿಗೂ ಯಾರೂ ಏನನ್ನೂ ವಿವರಿಸಬೇಕಾಗಿ ಬರಲಿಲ್ಲ. ಬಹುಶಃ ಅದೇ ಕಾರಣವಿರಬೇಕು.

ಎಲ್ಲಕ್ಕಿಂತ ದೊಡ್ಡ ಉಪದ್ರ ಅಮ್ಮನದು. ಎಲ್ಲರಿಗಿಂತ ಮೊದಲು ನಕ್ಕವಳು ಅವಳಂತೆ. ಕಿವಿ ಹೋದ ಮೇಲೆ ಅವಳು ಮಾತು ಕಡಿಮೆ ಮಾಡಿದ್ದಳು, ನಾವೂ ಊಟ, ಸ್ನಾನ, ಮದ್ದು ಎಂದು ಕೈಸನ್ನೆಯಲ್ಲಿ ಮುಗಿಸುತ್ತಿದ್ದೆವು. ಈಗ ನೆರೆಕರೆಯವರನ್ನು ಕರೆದು ಕೂರಿಸಿ, ಕೈ ಬಾಯಿ ತಿರುಗಿಸಿ, ಹಂಡೆ ತೇಲಿಸಿ, ರೆಕ್ಕೆ ಬಡಿದು ಇಡೀ ಕಥೆ ಹೇಳುತ್ತಾಳೆ. ಜನ ಅವಳ ಅರ್ಥ ಕೇಳಲು ಬರುತ್ತಾರೆ, ಹೋಗುವಾಗ ನನ್ನನ್ನು ನೋಡಿ ಪಾಪವೆಂಬಂತೆ ತಲೆಯಾಡಿಸುತ್ತಾರೆ. ಐವರ್ನಾಡಿನ ಮುಂದಿನ ತಾಳಮದ್ದಳೆ ಕೂಟಕ್ಕೆ ನನಗಿನ್ನೂ ಕರೆ ಬಂದಿಲ್ಲ. ಅಮ್ಮನಿಗೆ ಬಂದಿದೆ.

ಆದುದರಿಂದ ಮಾನ್ಯರು ದಯಮಾಡಿ ನಮ್ಮ ಊರಿಗೆ ಇನ್ನೊಮ್ಮೆ ಚಿತ್ತೈಸಿ, ನಾನು ಉಸಿರು ತೆಗೆದುಕೊಳ್ಳುವಲ್ಲಿ ತಾವೂ ಉಸಿರು ತೆಗೆದುಕೊಂಡು, ನಾನು ಶ್ಲೋಕ ಹೇಳುವಲ್ಲಿ ಹೆಬ್ಬಾವನ್ನು ಆಕಾಶದಲ್ಲಿಯೇ ನಿಲ್ಲಿಸಿ, ಕಥೆ ಕೊನೆಯಾಗುವ ಮೊದಲು ನನ್ನ ಕಡೆಗೊಮ್ಮೆ ತಿರುಗಿ ಅಪ್ಪಣೆ ಕೇಳಬೇಕು. ಇದು ಸಾಧ್ಯವಿಲ್ಲದಿದ್ದರೆ, ನಮ್ಮ ಮನೆಯಲ್ಲಿ ತಾವು ಬಿಟ್ಟುಹೋದ ನಗುವನ್ನಾದರೂ ಬಂದು ಕೊಂಡೊಯ್ಯಬೇಕು. ಅಮ್ಮನ ಪಾಲಿನದ್ದು ಮಾತ್ರ ಇರಲಿ.

ಇಂತು, ಕೆರೆಯ ತಳದಲ್ಲಿ ಹಂಡೆಯನ್ನೂ ಜಗಲಿಯಲ್ಲಿ ಮಾನವನ್ನೂ ಕಳೆದುಕೊಂಡಿರುವ
ತಮ್ಮ ವಿಶ್ವಾಸಿ,
ಆಲೆಟ್ಟಿ ಪರಮೇಶ್ವರ ಭಟ್ಟ

ಮರೆತ ಮಾತು: ಪತ್ರ ಮುಗಿಸುವಾಗ ಅಮ್ಮ ಬಂದು ಪಕ್ಕದಲ್ಲಿ ಕುಳಿತಳು. ಹೆಬ್ಬಾವು ಸತ್ತದ್ದು ಅನ್ಯಾಯವೆಂದು ನಾನು ಕೈಸನ್ನೆಯಲ್ಲಿ ಹೇಳಿದೆ. "ಅದು ಸತ್ತದ್ದು ಎಲ್ಲಿ ಮಗಾ? ನೀರಿಗೆ ಬಿದ್ದ ಮೇಲೂ ಬಾಲದ ತುದಿ ಆಡ್ತಾ ಉಂಟು. ಹುಡುಗಿ ನೋಡಿ ನಗ್ತಾಳೆ, ಕೈ ಬೀಸ್ತಾಳೆ. ನಿನಗೆ ಕಾಣಲಿಲ್ವಾ?" ಎಂದಳು. ಆಮೇಲೆ ತಾನೇ ನೆನಪು ಮಾಡಿಕೊಂಡು, "ಹೌದು, ನೀನು ಜನರ ಕಡೆ ಮುಖ ಮಾಡಿ ನಿಂತಿದ್ದೆ. ನೀನು ಚಿತ್ರ ನೋಡಲೇ ಇಲ್ಲ" ಎಂದು ನನ್ನ ಬೆನ್ನು ಸವರಿದಳು. ತಾವು ಈ ಕಡೆ ಒಂದೇ ಒಂದು ಆಟಕ್ಕೆ ಬರುವುದಿದ್ದರೆ ತಿಳಿಸುವುದು. ನಾನು ಪರದೆಯ ಕಡೆಗೆ ಮುಖ ಮಾಡಿ ಚಾಪೆಯಲ್ಲಿ ಕೂರುತ್ತೇನೆ, ಅರ್ಥ ಹೇಳಲಿಕ್ಕೆ ಪಕ್ಕದಲ್ಲಿ ಅಮ್ಮ ಇರುತ್ತಾಳೆ.