ಪೀಟಿ ಮೇಷ್ಟ್ರ ಪುಕ್ಕಟೆ ಮಂಡಿ

2007ರ ಜೂನ್ 11, ಸೋಮವಾರ. ಚನ್ನರಾಯಪಟ್ಟಣದಲ್ಲಿ ಮೋಡ, ಆಗಾಗ ತುಂತುರು. ನಮ್ಮ ಹೈಸ್ಕೂಲಿನಲ್ಲಿ ನಗಲು ಕಾರಣ ಹುಡುಕಬೇಕಾಗಿಲ್ಲ. ಬೆಳಗಿನ ಗಂಟೆ ಹೊಡೆದ ಮೇಲೆ ಅದು ತಾನಾಗಿ ಬರುತ್ತದೆ. ಅಂದು ಕುಂಟುತ್ತಾ ಬಂತು.

ಕಬಡ್ಡಿಯಲ್ಲಿ ಬಿದ್ದ ಪೀಟಿ ಮೇಷ್ಟ್ರ ಮಂಡಿಯೊಳಗೆ, ಮೂಳೆಯ ತುದಿಯ ಮೃದ್ವಸ್ಥಿಯಲ್ಲಿ ಕಡಲೆಬೀಜದಷ್ಟು ತೂತಾಗಿತ್ತು. ಮೂವತ್ತರ ಬ್ರಹ್ಮಚಾರಿ. ಕುಂಟುವ ಪೀಟಿ ಮೇಷ್ಟ್ರಿಗೆ ಹೆಣ್ಣು ಕೊಡುವವರಿಲ್ಲ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಹೊಸ ಪ್ರಯೋಗ ನಡೆಯುತ್ತಿತ್ತು: ಸೊಂಟದ ಮೂಳೆಯ ಮಜ್ಜೆಯಿಂದ ಸ್ಟೆಮ್ ಸೆಲ್ ಎಂಬ ಕಾಂಡಕೋಶ ತೆಗೆದು, ಲ್ಯಾಬಿನಲ್ಲಿ ಬೆಳೆಸಿ, ಜಾಲರಿಯೊಂದಕ್ಕೆ ಹಚ್ಚಿ ತೂತಿಗೆ ಕೂರಿಸುವುದು. ಪ್ರಯೋಗವಾದ್ದರಿಂದ ಪುಕ್ಕಟೆ. ವಿಜ್ಞಾನದ ಮೇಷ್ಟ್ರೆಂದು ನನ್ನನ್ನೂ ಜೊತೆಗೆ ಎಳೆದುಕೊಂಡರು.

ರಜೆ

ಮಜ್ಜೆ ತೆಗೆಸಿ ಬಂದ ಮೇಷ್ಟ್ರು ಕೋಶಗಳು ಬೆಳೆಯುವ ತನಕ ಒಂದು ತಿಂಗಳ ರಜೆ ಕೇಳಿದರು. ಹೆಡ್‌ಮಾಸ್ಟರು ಕನ್ನಡಕ ತೆಗೆದಿಟ್ಟರು.

“ಬೆಳೀತಿರೋದು ಎಲ್ಲಿ?”

“ಬೆಂಗಳೂರಿನ ಲ್ಯಾಬಲ್ಲಿ, ಸಾರ್.”

“ನೀವಿರೋದು?”

“ಇಲ್ಲೇ, ಸಾರ್.”

“ಹಾಗಾದ್ರೆ ರಜೆ ಅವಕ್ಕೆ ಕೊಡ್ತೀನಿ. ನೀವು ಮೂರನೇ ಪೀರಿಯಡ್‌ಗೆ ಹೋಗ್ರಿ.”

ಚಪ್ಪರ

ಅರಕಲಗೂಡಿನಿಂದ ಬಂದ ಮೇಷ್ಟ್ರ ಸೋದರಮಾವನಿಗೆ ನಾನು ವಿವರಿಸಿದೆ: “ಜಾಲರಿ ಅಂದ್ರೆ ಅವರೆಬಳ್ಳಿಗೆ ಹಾಕೋ ಚಪ್ಪರ ಇದ್ದ ಹಾಗೆ. ಬಳ್ಳಿ ಹಬ್ಬೋ ಹೊತ್ತಿಗೆ ಚಪ್ಪರ ಕರಗಿಹೋಗುತ್ತೆ.”

ಮಾವ ಅಳಿಯನ ಕಡೆ ತಿರುಗಿದ. “ತಾನಾಗೇ ಕರಗೋಯ್ತದಂತಾ? ನಮ್ಮೂರ ಮೋರಿ ಕಟ್ಟಿದ್ನಲ್ಲ ಕಂಟ್ರಾಕ್ಟರು, ಅವ್ನೇ ಕಣ್ಲಾ ಇದ್ನೂ ಕಟ್ಟಿರೋದು!”

ದರ

ಆಪರೇಷನ್ ಆಯಿತು. ನೋಡಲು ಬಂದವರೆಲ್ಲ ಮೊದಲು ಕೇಳಿದ್ದು, “ಎಷ್ಟಾಯ್ತು?” ಪುಕ್ಕಟೆ ಎಂದರೆ ಮುಖ ಸಣ್ಣದಾಗುತ್ತಿತ್ತು. ಒಬ್ಬರಂತೂ ತಂದ ಸೇಬನ್ನು ಕೊಡಲೋ ಬೇಡವೋ ಎಂಬಂತೆ ಹಿಡಿದುಕೊಂಡೇ ಕೂತರು.

ಮೇಷ್ಟ್ರ ತಾಯಿ ಮಗನಿಗೆ ಗದರಿದರು: “ಬಾಯ್ ಮುಚ್ಕೊಂಡಿರು. ಪುಕ್ಕಟೆ ಮಂಡಿಯೋನಿಗೆ ಯಾವೋನ್ಲಾ ಹೆಣ್ಣು ಕೊಟ್ಟಾನು?”

ಮೇಷ್ಟ್ರು ಬಾಯಿ ಮುಚ್ಚಿದರು, ಊರು ತೆರೆಯಿತು. ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ಲಕ್ಷ, ಹಾಸನದಲ್ಲಿ ಎರಡು, ಹೊಳೆನರಸೀಪುರ ಮುಟ್ಟುವಾಗ ಮೂರು. ಮಂಡಿ ಇನ್ನೂ ಊರುಗೋಲಿನ ಮೇಲಿತ್ತು; ಅದರ ಬೆಲೆ ಆಗಲೇ ಓಡುತ್ತಿತ್ತು.

ಹೆಣ್ಣು ನೋಡಿದ್ದು

ಮೇಷ್ಟ್ರು ನೆಟ್ಟಗೆ ನಡೆಯುವಂತಾದ ಮೇಲೆ ಹೊಳೆನರಸೀಪುರದ ಜವಳಿ ವ್ಯಾಪಾರಿಯೊಬ್ಬರಿಂದ ಕರೆ ಬಂತು. ಹೋದೆವು. ಉಪ್ಪಿಟ್ಟು ಆಯಿತು, ಹುಡುಗಿ ಬಂದು ಕೂತಳು. ಮೇಷ್ಟ್ರಿಗೆ ಒಪ್ಪಿಗೆಯೆಂದು ಅವರ ಕಿವಿಯ ಬಣ್ಣವೇ ಹೇಳಿತು.

ವ್ಯಾಪಾರಿ ಎಂದರು, “ಒಂದ್ಸಲ ಕುಕ್ಕರುಗಾಲಲ್ಲಿ ಕೂತು ಎದ್ದೇಳಿ, ನೋಡುವ.”

ಮೇಷ್ಟ್ರು ಕೂತರು, ಎದ್ದರು.

“ಮಂಡಿ ಗಟ್ಟಿ ಅದೆ. ಊರೆಲ್ಲ ಮೂರು ಲಕ್ಷ ಅಂತದೆ. ನಿಜ ಹೇಳ್ಬುಡಿ, ಎಷ್ಟು ಕೊಟ್ರಿ?”

ತಾಯಿ ಕೆಮ್ಮಿದರು. ಮೇಷ್ಟ್ರು ಹುಡುಗಿಯತ್ತ ನೋಡಿದರು. ಸುಳ್ಳು ಬಾಯಿಗೆ ಬರಲಿಲ್ಲ.

“ನಾವೊಂದು ಪೈಸಾನೂ ಕೊಡ್ಲಿಲ್ಲ ಸಾರ್. ಹೋದಾಗೆಲ್ಲ ಬಸ್ ಚಾರ್ಜು, ಊಟದ ದುಡ್ಡು ಅವ್ರೇ ಕೊಟ್ಟು ಕಳಿಸ್ತಿದ್ರು.”

ತಾಯಿ ಕಣ್ಣು ಮುಚ್ಚಿಕೊಂಡರು. ವ್ಯಾಪಾರಿ ಒಳಮನೆಗೆ ತಿರುಗಿ ಕೂಗಿದರು:

“ಏನೇ, ತಾಂಬೂಲದ ತಟ್ಟೆ ತತ್ತಾರೆ ಬಿರ್ನೆ! ರಿಪೇರಿನೂ ಮಾಡಿಸ್ಕೊಂಡು ಮೇಲೆ ದುಡ್ಡೂ ಇಸ್ಕೊಂಡು ಬಂದವ್ರೆ ಅಳೀಮಯ್ಯ! ಇಂಥೋರ್ನ ಪಕ್ಕದ ಅಂಗ್ಡಿಯೋನು ನೋಡೋಕ್ಮುಂಚೆ ಮುಗಿಸ್ಬುಡುವ!”