ದಿನಕ್ಕೆ ಹನ್ನೆರಡು ಗ್ರಾಂ

ತಕ್ಕಡಿ ಸಾಹೇಬರು ಅಂದರೆ ಮಾರುಕಟ್ಟೆಗೆ ಮಾರುಕಟ್ಟೆಯೇ ಎದ್ದು ನಿಲ್ಲುತ್ತಿತ್ತು. ಮನೆಯಲ್ಲಿ ಮಾತ್ರ ಅವರ ಮಾತಿಗೆ ಬೆಕ್ಕು ಕೂಡ ಕಿವಿ ಅಲ್ಲಾಡಿಸುತ್ತಿರಲಿಲ್ಲ. ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರಾಗಿ ಇಪ್ಪತ್ತೆರಡು ವರ್ಷ ಅಂಗಡಿಗಳ ತಕ್ಕಡಿಗೆ ಮುದ್ರೆ ಒತ್ತಿದವರು ಅವರು. ಆದರೆ ಬೆಳಗ್ಗೆ ಐದಕ್ಕೆ ಎಲ್ಲರೂ ಏಳಬೇಕೆಂಬ ಅವರ ಗೃಹಯೋಜನೆ ಎರಡನೇ ದಿನವೇ ಮಲಗಿತು. ಊಟದ ಹೊತ್ತಿನ ಮೌನವ್ರತ ಮೊದಲ ತುತ್ತಿಗೇ ಮುರಿಯಿತು (ಮುರಿದವರು ಸಾಹೇಬರೇ, ಉಪ್ಪು ಕೇಳಿದರು). ಒಂದೇ ಒಂದು ಸಲ ಮನೆಯವರು ತನ್ನ ಮಾತು ಕೇಳಬೇಕು ಎಂಬುದು ಅವರ ಬಹುಕಾಲದ ಆಸೆಯಾಗಿತ್ತು.

ಹಾಗಾಗಿ ಒಂದು ಭಾನುವಾರ ಅವರು ಬಚ್ಚಲುಮನೆಯ ಗೂಡಿನ ಮುಂದೆ ನಿಂತು 'ಪ್ಲಾಸ್ಟಿಕ್‌ಮುಕ್ತ ದಂತ ಮಹಾಭಿಯಾನ'ವನ್ನು ಘೋಷಿಸಿದರು.

"ಮನೇಲಿ ಜನ ನಾಲ್ಕು, ಪೇಸ್ಟಿನ ಟ್ಯೂಬೂ ನಾಲ್ಕು. ಒಬ್ಬೊಬ್ಬರಿಗೆ ಒಂದೊಂದು ರುಚಿ. ಈ ಟ್ಯೂಬು ಮಣ್ಣಾಗೋ ಹೊತ್ತಿಗೆ ನಾವೆಲ್ಲ ಮಣ್ಣಾಗಿ ನೂರಾರು ವರ್ಷ ಆಗಿರುತ್ತೆ. ಇನ್ನು ಮೇಲೆ ಬಿದಿರಿನ ಬ್ರಷ್ಷು, ಮನೇಲೇ ಮಾಡಿದ ಹಲ್ಲುಪುಡಿ."

ಹೆಂಡತಿ ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಕೇಳಿದಳು. "ಪುಡಿಗೆ ಏನೇನು ಹಾಕ್ತೀರಿ?"

"ಉಪ್ಪು, ಸೋಡಾ, ಲವಂಗ, ಮೊಟ್ಟೆ ಚಿಪ್ಪು."

ಯಂತ್ರ ನಿಂತಿತು. "ಚಿಪ್ಪು ಯಾಕ್ರೀ?"

"ಉಜ್ಜೋಕೆ ಸ್ವಲ್ಪ ಒರಟು ಬೇಕು ಕಣೇ."

"ಒರಟು ಬೇಕಾದ್ರೆ ನಿಮ್ಮ ಮಾತೇ ಸಾಕಲ್ಲ," ಎಂದು ಅವಳು ಮತ್ತೆ ಪೆಡಲ್ ತುಳಿದಳು.

ಸಾಹೇಬರು ಇದನ್ನೆಲ್ಲ ಕಿವಿಗೆ ಹಾಕಿಕೊಳ್ಳಲಿಲ್ಲ. ಚಿಪ್ಪು ಕುದಿಸಿ, ಒಣಗಿಸಿ, ಅರೆದು, ಗಾಜಿನ ಜಾಡಿಗೆ ತುಂಬಿದರು. ತಲೆಗೆ ಮೂರು ಗ್ರಾಂ, ದಿನಕ್ಕೆ ಹನ್ನೆರಡು ಗ್ರಾಂ ಎಂದು ನಿಗದಿ ಮಾಡಿದರು. ರಾತ್ರಿ ಊಟಕ್ಕೆ ಮುಂಚೆ ಜಾಡಿಯನ್ನು ಪುಟ್ಟ ತಕ್ಕಡಿಯ ಮೇಲಿಟ್ಟು ತೂಗುವುದು ಅವರ ನಿತ್ಯಕರ್ಮವಾಯಿತು. ಮೊದಲ ದಿನ ಹನ್ನೆರಡು ಗ್ರಾಂ ಕಡಿಮೆಯಾಗಿತ್ತು. ಎರಡನೇ ದಿನವೂ ಹನ್ನೆರಡು. ಮೂರನೇ ದಿನವೂ ಅಷ್ಟೇ ಇಳಿದಾಗ ಅವರ ಮುಖ ಇಷ್ಟಗಲವಾಯಿತು. ಒಂಬತ್ತನೇ ದಿನ ಮೂರು ಗ್ರಾಂ ಹೆಚ್ಚು ಉಳಿದಿದ್ದಕ್ಕೆ ವಿಚಾರಣೆ ನಡೆದು, ಎಂಟನೇ ಕ್ಲಾಸಿನ ಮಗಳು ಆ ದಿನ ಹಲ್ಲುಜ್ಜಲು ಮರೆತೆನೆಂದು ಒಪ್ಪಿಕೊಂಡಳು. ಆಮೇಲೆ ಒಂದು ಚಿಟಿಕೆಯೂ ಆಚೀಚೆಯಾಗಲಿಲ್ಲ.

ಸಾಹೇಬರ ಹಲ್ಲು ಮಾತ್ರ ನೀರು ತಾಗಿದರೆ ಜುಮ್ಮೆನ್ನುತ್ತಿತ್ತು, ಬ್ರಷ್ಷು ತಾಗಿದರೆ ಒಸಡಲ್ಲಿ ರಕ್ತ ಬರುತ್ತಿತ್ತು. ಉಳಿದ ಮೂವರೂ ತುಟಿ ಪಿಟಕ್ಕೆನ್ನದೆ ಸಹಿಸುತ್ತಿರುವಾಗ ಮುಖಂಡನಾದ ತಾನು ನರಳುವುದು ಶೋಭೆಯಲ್ಲ ಎಂದು ಅವರು ಹಲ್ಲು ಕಚ್ಚಿ ತಡೆದುಕೊಂಡರು (ಕಚ್ಚಿದ್ದರಿಂದ ಇನ್ನಷ್ಟು ನೋವಾಯಿತು). ನಲವತ್ತನೇ ದಿನ, ಅಭಿಯಾನದ ಜಯವನ್ನು ತಜ್ಞರ ಬಾಯಿಂದಲೇ ಕೇಳೋಣವೆಂದು ಸಂಸಾರ ಸಮೇತ ದಂತವೈದ್ಯೆಯ ಬಳಿಗೆ ಹೊರಟರು. ಹೆಂಡತಿಗೆ ಅರ್ಜೆಂಟಾಗಿ ಒಂದು ಬ್ಲೌಸ್ ಹೊಲಿಯುವುದಿತ್ತು, ಜೊತೆಯಲ್ಲೇ ಇದ್ದ ಅವಳ ತಾಯಿಗೆ, ಅಂದರೆ ಸಾಹೇಬರ ಅತ್ತೆಗೆ, ಮಂಡಿನೋವು, ಮಗಳಿಗೆ ಪರೀಕ್ಷೆ. ಸಾಹೇಬರು ಜಗ್ಗಲಿಲ್ಲ.

ವೈದ್ಯೆ ಮೊದಲು ಅತ್ತೆಯ ಬಾಯಿ ನೋಡಿದರು. "ಈ ವಯಸ್ಸಿಗೆ ತುಂಬಾ ಚೆನ್ನಾಗಿದೆ." ಹೆಂಡತಿಯದು, "ಚೆನ್ನಾಗಿದೆ." ಮಗಳದು, "ಬಹಳ ಚೆನ್ನಾಗಿದೆ." ಸಾಹೇಬರು ಎದೆಯುಬ್ಬಿಸಿ ಕುರ್ಚಿಯಲ್ಲಿ ಒರಗಿ ಬಾಯಿ ತೆರೆದರು.

ವೈದ್ಯೆ ಪುಟ್ಟ ಕನ್ನಡಿ ಹಿಡಿದು ಒಂದೊಂದೇ ಹಲ್ಲನ್ನು ಎರಡೆರಡು ಸಲ ನೋಡಿದರು. ಕೊನೆಗೆ, "ಏನು ಹಾಕಿ ಉಜ್ತೀರಿ?" ಎಂದರು.

"ನನ್ನದೇ ತಯಾರಿ ಪುಡಿ. ನಾಲ್ಕೂ ಜನ ಅದನ್ನೇ ಬಳಸೋದು."

"ಅವರು ಮೂರು ಜನ ಅದನ್ನ ಮುಟ್ಟಿಯೂ ಇಲ್ಲ ಸರ್. ನಿಮ್ಮ ಹಲ್ಲು ನೋಡಿದ್ರೆ ದಿನಾ ಮರ ನಯ ಮಾಡೋ ಉಪ್ಪುಕಾಗದ ಹಾಕಿ ಉಜ್ಜಿದ ಹಾಗಿದೆ."

"ಸಾಧ್ಯವೇ ಇಲ್ಲ ಡಾಕ್ಟ್ರೇ. ದಿನಾ ಹನ್ನೆರಡು ಗ್ರಾಂ ಕಡಿಮೆಯಾಗ್ತಿದೆ. ನಾನೇ ತೂಗ್ತೀನಿ."

"ಜಾಡಿ ತೂಗಿದ್ರಿ. ಬಾಯಿ ನೋಡಿದ್ರಾ?"

ಸಾಹೇಬರು ತಿರುಗಿ ನೋಡಿದರು. ಅತ್ತೆ ಸೂರು ನೋಡುತ್ತಿದ್ದರು, ಹೆಂಡತಿ ಚಪ್ಪಲಿ ನೋಡುತ್ತಿದ್ದಳು, ಮಗಳು ಗೋಡೆಯ ಮೇಲಿದ್ದ ದವಡೆಯ ಚಿತ್ರವನ್ನು ವಿಪರೀತ ಶ್ರದ್ಧೆಯಿಂದ ಓದುತ್ತಿದ್ದಳು.

ಮನೆಗೆ ಬಂದ ಮೇಲೆ ಸತ್ಯ ಹೊರಬಿತ್ತು. ಮಕ್ಕಳ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ದಾದಿಯಾಗಿದ್ದ ಅತ್ತೆಯೇ ಸೂತ್ರಧಾರಿ. ಮೂವರೂ ಸಾಹೇಬರಿಗಿಂತ ಕಾಲು ಗಂಟೆ ಮುಂಚೆ ಎದ್ದು, ಅಳತೆ ಚಮಚದಲ್ಲಿ ತಮ್ಮ ತಮ್ಮ ಮೂರು ಗ್ರಾಂ ತೆಗೆದು, ನಲ್ಲಿ, ಸಿಂಕು, ಬಚ್ಚಲ ತಂಬಿಗೆಗಳನ್ನು ಸರದಿಯ ಮೇಲೆ ತಿಕ್ಕುತ್ತಿದ್ದರು.

"ಚೆಲ್ಲಿಬಿಡಬಹುದಿತ್ತು ಅಳಿಯಂದಿರೇ," ಎಂದರು ಅತ್ತೆ. "ನೀವು ಅಷ್ಟು ಕಷ್ಟಪಟ್ಟು ಅರೆದಿದ್ದು. ಮನಸ್ಸು ಬರಲಿಲ್ಲ."

"ನಂಗೆ ಹೇಳಬಾರದಿತ್ತಾ?"

ಹೆಂಡತಿ ಅವರ ಪಕ್ಕದಲ್ಲಿ ಬಂದು ಕುಳಿತಳು. "ಮೂರನೇ ದಿನ ಹೇಳೋಣ ಅಂತ ಬಂದೆ. ನೀವು ಜಾಡಿ ತೂಗಿ ಒಬ್ಬರೇ ನಗ್ತಾ ನಿಂತಿದ್ರಿ. ನಿಮ್ಮನ್ನ ಹಾಗೆ ನೋಡಿ ಎಷ್ಟು ವರ್ಷ ಆಗಿತ್ತು. ಬಾಯಿ ಬರಲಿಲ್ಲ ಕಣ್ರೀ. ನಿಮ್ಮ ಒಸಡಲ್ಲಿ ರಕ್ತ ಬರೋದು ಗೊತ್ತಿದ್ದಿದ್ರೆ ಅವತ್ತೇ ಜಾಡಿ ಎತ್ತಿ ಎಸೀತಿದ್ದೆ."

ಸಾಹೇಬರು ಜಾಡಿಯನ್ನು ತಕ್ಕಡಿಯಿಂದ ಕೆಳಗಿಳಿಸಿದರು. ತನ್ನ ಖುಷಿ ಕೆಡಬಾರದೆಂದು ಮೂರು ಜೀವಗಳು ನಲವತ್ತು ದಿನ ನಿದ್ದೆ ಬಿಟ್ಟು ನಲ್ಲಿ ತಿಕ್ಕಿದ್ದವು. ಇಂಥ ಋಣವನ್ನು ಯಾವ ತಕ್ಕಡಿಯಲ್ಲಿಟ್ಟು ತೂಗುವುದೆಂದು ಅವರಿಗೆ ತಿಳಿಯಲಿಲ್ಲ.

"ಮತ್ತೆ ನೀವು ಹಲ್ಲುಜ್ಜಿದ್ದು ಯಾತರಲ್ಲಿ?"

ಹೆಂಡತಿ ಹೊಲಿಗೆ ಯಂತ್ರದ ಡ್ರಾಯರಿನಿಂದ, ದಾರದುಂಡೆಗಳ ನಡುವಿನಿಂದ, ಕತ್ತಿನವರೆಗೆ ಸುರುಳಿ ಸುತ್ತಿದ್ದ ಒಂದು ಟ್ಯೂಬು ತೆಗೆದಳು.

"ಮೂರು ಜನಕ್ಕೂ ಇದೊಂದೇನಾ?"

"ಮತ್ತೆ? ನಾಲ್ಕು ಟ್ಯೂಬು ಜಾಸ್ತಿ ಅಂತ ನೀವು ಹೇಳಿದ್ದು ಸರಿಯಾಗೇ ಇತ್ತಲ್ಲ," ಎಂದಳು ಹೆಂಡತಿ. "ಬಿದಿರಿನ ಬ್ರಷ್ಷೂ ಚೆನ್ನಾಗಿದೆ. ನಿಮ್ಮ ಪುಡಿ ಒಂದು ಬಿಟ್ಟು ಉಳಿದಿದ್ದನ್ನೆಲ್ಲ ಪಾಲಿಸಿದ್ದೀವಿ."

ಅಂದರೆ ತನ್ನ ಮಾತು ಈ ಮನೆಯಲ್ಲಿ ನಡೆದಿತ್ತು. ತನಗೇ ತಿಳಿಯದಂತೆ ನಡೆದಿತ್ತು, ಅಷ್ಟೇ. ಸಾಹೇಬರು ಕಣ್ಣೊರೆಸಿಕೊಂಡು, ಓಡಿ ಹೋಗಿ ತಮ್ಮ ಬ್ರಷ್ಷು ತಂದು ಮುಂದೆ ಹಿಡಿದರು. ಅತ್ತೆ ಟ್ಯೂಬನ್ನು ಸೆರಗಿನೊಳಗೆ ಎಳೆದುಕೊಂಡರು.

"ಸ್ವಲ್ಪ ತಡೀರಿ. ನೀವೂ ಸೇರಿಕೊಂಡ್ರೆ ಬೇಗ ಖಾಲಿಯಾಗುತ್ತೆ. ಪ್ಲಾಸ್ಟಿಕ್ ಜಾಸ್ತಿ ಆಗೋದಿಲ್ವಾ?"

ಮೂವರೂ ಅಡುಗೆಮನೆಗೆ ಹೋಗಿ ಗುಸುಗುಸು ಸಮಾಲೋಚನೆ ನಡೆಸಿದರು. ಅಭಿಯಾನದ ಸಂಸ್ಥಾಪಕರು ಬ್ರಷ್ಷು ಹಿಡಿದು ಬಾಗಿಲ ಬಳಿ ಕಾದರು. ಕೊನೆಗೆ ಮಗಳು ಹೊರಬಂದು ಬ್ರಷ್ಷಿನ ತುದಿಗೆ ಸಾಸಿವೆ ಕಾಳಿನಷ್ಟು ಪೇಸ್ಟು ಹಚ್ಚಿದಳು.

"ಇಷ್ಟೇನಾ ಪುಟ್ಟಿ?"

"ಮೊದಲ ವಾರ ಇಷ್ಟೇ ಅಪ್ಪ. ನಿಯಮ ಪಾಲಿಸ್ತೀಯೋ ಇಲ್ವೋ ನೋಡ್ತೀವಿ."

ಅದು ಮಗಳ ಆಯ್ಕೆಯ ಕೆಂಪು ಪೇಸ್ಟು, ಮಿಠಾಯಿಯ ಹಾಗೆ ಸಿಹಿ. ನಲವತ್ತು ದಿನದಲ್ಲಿ ಮೊದಲ ಸಲ ಹಲ್ಲು ಜುಮ್ಮೆನ್ನಲಿಲ್ಲ. ಸಾಹೇಬರಿಗೆ ಹೃದಯ ತುಂಬಿ ಬಂದು, ಬಾಯಲ್ಲಿ ನೊರೆಯಿರುವಾಗಲೇ ಮೂವರಿಗೂ ಕೃತಜ್ಞತೆ ಸಲ್ಲಿಸಲು ಹೊರಟರು.

"ಮೊದಲು ಉಗುಳಿ," ಎಂದಳು ಹೆಂಡತಿ. "ಭಾಷಣ ಆಮೇಲೆ."

ಆ ಮನೆಯಲ್ಲಿ ಅಲ್ಲಿಯವರೆಗೆ ಹೊರಟ ಆದೇಶಗಳಲ್ಲಿ ಕೂಡಲೇ ಪಾಲನೆಯಾದದ್ದು ಅದೊಂದೇ.